ಸೆಡಾನ್ ಶೋರೂಂ ಕೊಟೇಶನ್: ಐವತ್ತು ಸಾವಿರ ಡಿಸ್ಕೌಂಟ್ ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು?

ಬೆಂಗಳೂರಿನ ಯಾವ ಕಾರ್ ಶೋರೂಂಗೆ ಕಾಲಿಟ್ಟರೂ ಕಾಫಿ ಚೆನ್ನಾಗಿರುತ್ತದೆ, ಮಾತು ಇನ್ನೂ ಚೆನ್ನಾಗಿರುತ್ತದೆ. ಹಾಗಾಗಿ ಎರಡಕ್ಕೂ ಅಂಕವಿಲ್ಲ, ಅಲ್ಲಿ ಕೇಳಿಬರುವ ‘ಐವತ್ತು ಸಾವಿರ ಡಿಸ್ಕೌಂಟ್ ಸರ್’ ಎಂಬ ಮಾತಿಗೂ ಇಲ್ಲ. ನಿಯತ್ತು ಗೊತ್ತಾಗುವುದು ಒಂದೇ ಕಾಗದದಲ್ಲಿ: ಆನ್-ರೋಡ್ ಬೆಲೆಯನ್ನು (ತೆರಿಗೆ, ವಿಮೆ ಎಲ್ಲ ಸೇರಿದ ಬೆಲೆ) ಬಿಡಿಬಿಡಿಯಾಗಿ ಬರೆದು, ಸೀಲು ಹಾಕಿ ಕೊಟ್ಟ ಕೊಟೇಶನ್. ಕೇಳಿದ ಹತ್ತು ನಿಮಿಷದಲ್ಲಿ ಅದು ಕೈಗೆ ಬಂದರೆ ಆ ಶೋರೂಂ ಜತೆ ಮಾತು ಮುಂದುವರಿಸಬಹುದು. ‘ಮೊದಲು ಬುಕಿಂಗ್ ಮಾಡಿ ಸರ್, ಆಮೇಲೆ ಮ್ಯಾನೇಜರ್ ಹತ್ರ ಮಾತಾಡಿ ಬೆಸ್ಟ್ ಪ್ರೈಸ್ ಕೊಡಿಸ್ತೀನಿ’ ಅಂದರೆ ಕಾಫಿ ಮುಗಿಸಿ ಎದ್ದು ಬನ್ನಿ. ವಾಟ್ಸಾಪಿನಲ್ಲಿ ಒಂದೇ ಸಾಲಿನ ಒಟ್ಟು ಮೊತ್ತ ಕಳಿಸುವವರೂ ಇದೇ ಜಾತಿ.

ಕಾರಿನ ಆಯ್ಕೆಯನ್ನು ಮೊದಲು ಮುಗಿಸೋಣ, ಅದು ಅಷ್ಟು ಕಷ್ಟದ್ದಲ್ಲ. ದೊಡ್ಡ ಸೆಡಾನ್‌ಗಳಲ್ಲಿ ನೋಡಬೇಕಾದ್ದು ಹೋಂಡಾ ಸಿಟಿ, ಹ್ಯುಂಡೈ ವರ್ನಾ, ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್. ಸಿಟಿಯ 1.5 ಪೆಟ್ರೋಲ್ ಮತ್ತು ಸಿವಿಟಿ (ಗೇರಿನ ಹಂತಗಳಿಲ್ಲದ ಆಟೊಮ್ಯಾಟಿಕ್) ಜೋಡಿ ಊರೊಳಗಿನ ಟ್ರಾಫಿಕ್ಕಿಗೆ ಹೇಳಿ ಮಾಡಿಸಿದ್ದು. ಟಾರ್ಕ್, ಅಂದರೆ ಎಳೆಯುವ ಬಲ, 145 ಎನ್‌ಎಂ ಮಾತ್ರ ಆದ್ದರಿಂದ ಘಾಟಿಯಲ್ಲಿ ಒಂದಿಷ್ಟು ಕೂಗುತ್ತದೆ, ಅಷ್ಟೇ. ಸ್ಲಾವಿಯಾ, ವರ್ಟಸ್‌ಗಳಲ್ಲಿ 1.0 ಟರ್ಬೊ ಜತೆ ಬರುವ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ಕೇ ಸಿಲ್ಕ್ ಬೋರ್ಡ್ ಕಡೆ ದಿನಾ ಓಡಾಡುವವರಿಗೆ ಸರಿ. 1.5 ಟರ್ಬೊಗೆ ಜೋಡಿಸಿರುವುದು ಡ್ರೈ ಕ್ಲಚ್‌ನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್. ಹೆದ್ದಾರಿಯಲ್ಲಿ 250 ಎನ್‌ಎಂ ಕೊಡುವ ಖುಷಿಯೇ ಬೇರೆ, ಆದರೆ ಫ್ಲೈಓವರ್ ಏರಿನಲ್ಲಿ ಅಂಗುಲ ಅಂಗುಲ ತೆವಳುವಾಗ ಕ್ಲಚ್ ಬಿಸಿಯಾಗುತ್ತದೆ. ವರ್ನಾ ಟರ್ಬೊದ 7 ಗೇರಿನ ಡಿಸಿಟಿಗೂ ಇದೇ ಮಾತು. ಡ್ರೈವರ್ ನೆರವಿನ ಅಡಾಸ್ ಬೇಕೇ ಬೇಕೆನ್ನುವವರು ವರ್ನಾ ಮತ್ತು ಸಿಟಿಯ ಮೇಲಿನ ವೇರಿಯಂಟ್ ನೋಡಲಿ. ರೋಡ್ ಹಂಪ್‌ಗಳ ಭಯ ಇರುವವರಿಗೆ 179 ಎಂಎಂ ಗ್ರೌಂಡ್ ಕ್ಲಿಯರೆನ್ಸಿನ ಸ್ಲಾವಿಯಾ, ವರ್ಟಸ್ ವಾಸಿ.

ವೇರಿಯಂಟ್ ಆರಿಸುವಾಗ ಸನ್‌ರೂಫಿಗಿಂತ ದುಬಾರಿಯಾದ ಒಂದು ಗೆರೆ ಇದೆ, ಅದನ್ನು ಸೇಲ್ಸ್‌ನವರು ತಾವಾಗಿ ಹೇಳುವುದು ಅಪರೂಪ. ಕರ್ನಾಟಕದಲ್ಲಿ ಲೈಫ್ ಟ್ಯಾಕ್ಸ್ (ಒಂದೇ ಸಲ ಕಟ್ಟುವ ರಸ್ತೆ ತೆರಿಗೆ) 5ರಿಂದ 10 ಲಕ್ಷದ ಕಾರಿಗೆ 14%, 10ರಿಂದ 20 ಲಕ್ಷದ್ದಕ್ಕೆ 17%, ಅದರ ಮೇಲೆ 18%. ಆದಾಯ ತೆರಿಗೆಯ ಹಾಗೆ ಹಂತಹಂತವಾಗಿ ಅಲ್ಲ, ಗೆರೆ ದಾಟಿದರೆ ಪೂರ್ತಿ ಬೆಲೆಗೇ ಹೊಸ ದರ. ಡಿಜೈರ್, ಅಮೇಜ್ ಥರದ ಚಿಕ್ಕ ಸೆಡಾನ್ ನೋಡುತ್ತಾ ಮೇಲಿನ ವೇರಿಯಂಟಿಗೆ ಏರುವಾಗ ಇದು ಕಚ್ಚುತ್ತದೆ. 9.95 ಲಕ್ಷದ ಕಾರಿಗೆ ತೆರಿಗೆ 1,39,300 ರೂಪಾಯಿ. 10.05 ಲಕ್ಷದ್ದಕ್ಕೆ 1,70,850. ಹತ್ತು ಲಕ್ಷ ಮೀರಿದ್ದರಿಂದ 1% ಟಿಸಿಎಸ್ (ಡೀಲರ್ ಮೊದಲೇ ವಸೂಲು ಮಾಡುವ ಆದಾಯ ತೆರಿಗೆ) ಎಂದು ಇನ್ನೊಂದು 10,050. ಎಕ್ಸ್-ಶೋರೂಂನಲ್ಲಿ (ಲೈಫ್ ಟ್ಯಾಕ್ಸ್, ವಿಮೆ ಸೇರದ ಬೆಲೆ) ಹತ್ತು ಸಾವಿರ ಹೆಚ್ಚಾದರೆ ಜೇಬಿನಿಂದ ಹೋಗುವುದು 51,600, ತೆರಿಗೆಯ ಮೇಲಿನ ಸೆಸ್ ಬೇರೆ. ಟಿಸಿಎಸ್ ಮಾತ್ರ ನಿಮ್ಮ ಪ್ಯಾನ್‌ಗೆ ಜಮಾ ಆಗುತ್ತದೆ, ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಅದನ್ನು ಖರ್ಚು ಎಂದು ತೋರಿಸಿ, ‘ನಾವು ಅದರಲ್ಲಿ ಅರ್ಧ ಬಿಡ್ತೀವಿ’ ಎನ್ನುವುದು ಮೂಗಿಗೆ ತುಪ್ಪ ಸವರುವ ಕೆಲಸ.

ಜಿಎಸ್‌ಟಿ ಗೆರೆ ಇನ್ನೊಂದು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರಿಗೆ 18%, ಅದು ದಾಟಿದರೆ 40%. 3,995 ಎಂಎಂ ಉದ್ದದ ಡಿಜೈರ್ ಈಚೆ ಉಳಿಯಿತು. 999 ಸಿಸಿ ಎಂಜಿನ್ನಿನ ಸ್ಲಾವಿಯಾ 4,541 ಎಂಎಂ ಇರುವುದರಿಂದ ಆಚೆ ಹೋಯಿತು. ಆದರೆ ಥರ್ಡ್ ಪಾರ್ಟಿ ವಿಮೆಗೆ (ನಿಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿಗೆ) ನೋಡುವುದು ಉದ್ದವನ್ನಲ್ಲ, ಸಿಸಿಯನ್ನು. ಹಾಗಾಗಿ ಅಲ್ಲಿ ಇದೇ ಸ್ಲಾವಿಯಾ ಅಗ್ಗದ ಸಾಲಿನಲ್ಲಿ ಕೂತಿದೆ, ಡಿಜೈರ್ ಅದರ ಮೇಲಿನ ಸಾಲಿನಲ್ಲಿ!

ಈಗ ಕೊಟೇಶನ್ ಬಿಡಿಸಿ. ಎಕ್ಸ್-ಶೋರೂಂ ಬೆಲೆ, ಲೈಫ್ ಟ್ಯಾಕ್ಸ್, ಟಿಸಿಎಸ್ ಈ ಮೂರರಲ್ಲಿ ಡೀಲರ್ ಕೈಚಳಕಕ್ಕೆ ಜಾಗವಿಲ್ಲ. ಲೆಕ್ಕ ನೀವೇ ಹಾಕಿ ನೋಡಬಹುದು. ಆಟ ಇರುವುದು ಅದರ ಕೆಳಗಿನ ಸಾಲುಗಳಲ್ಲಿ. ಅದರಲ್ಲೂ ವಿಮೆಯ ಸಾಲು ಚಿನ್ನದ ಗಣಿ.

ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ. ಇದರ ದರ ಸರ್ಕಾರ ನಿಗದಿ ಮಾಡಿದ್ದು. 2022ರ ಅಧಿಸೂಚನೆಯಲ್ಲಿ 1000ದಿಂದ 1500 ಸಿಸಿ ಕಾರಿಗೆ 10,640 ರೂಪಾಯಿ, 1000 ಸಿಸಿ ಮೀರದ್ದಕ್ಕೆ 6,521, ಇದರ ಮೇಲೆ ಜಿಎಸ್‌ಟಿ. ಇದನ್ನು ಯಾರೂ ಹೆಚ್ಚು ಕಡಿಮೆ ಮಾಡುವಂತಿಲ್ಲ. ಹಿಗ್ಗುವುದು ನಿಮ್ಮದೇ ಕಾರಿನ ಹಾನಿಗೆ ಇರುವ ಓನ್ ಡ್ಯಾಮೇಜ್ ಭಾಗ. ಹೊಸ ಕಾರಿನ ಐಡಿವಿ (ವಿಮೆಗೆ ಕಟ್ಟುವ ಕಾರಿನ ಬೆಲೆ) ಸಾಮಾನ್ಯವಾಗಿ ಎಕ್ಸ್-ಶೋರೂಂ ಬೆಲೆಯ 95%. ಅಂದರೆ 14 ಲಕ್ಷದ ಕಾರಿಗೆ 13.3 ಲಕ್ಷ. ಅದೇ ಐಡಿವಿ, ಅದೇ ಆಡ್-ಆನ್ ಇಟ್ಟುಕೊಂಡು ಹೊರಗಡೆ ಎರಡು ಕಂಪನಿಗಳ ದರ ತೆಗೆಸಿ. ವ್ಯತ್ಯಾಸ ಎಷ್ಟೋ ಸಲ ಡಿಸ್ಕೌಂಟಿನ ಅರ್ಧ ಭಾಗವನ್ನೇ ನುಂಗಿರುತ್ತದೆ. ‘ಹೊರಗಿನ ಇನ್ಶೂರೆನ್ಸ್ ತಗೊಂಡ್ರೆ ಕ್ಯಾಶ್‌ಲೆಸ್ ಇಲ್ಲ’ ಎಂದರೆ ವಿಮಾ ಕಂಪನಿಯ ವೆಬ್‌ಸೈಟಿನಲ್ಲಿ ಗ್ಯಾರೇಜ್ ಪಟ್ಟಿ ತೆರೆದು ಅದೇ ವರ್ಕ್‌ಶಾಪಿನ ಹೆಸರು ತೋರಿಸಿ. ವಿಮೆ ಎಲ್ಲಿ ಕೊಳ್ಳಬೇಕು ಎನ್ನುವುದು ನಿಮ್ಮ ಇಷ್ಟ. ‘ನಮ್ಮಲ್ಲೇ ತಗೊಂಡ್ರೆ ಮಾತ್ರ ಈ ಡಿಸ್ಕೌಂಟ್’ ಎಂದರೆ ಸಿಟ್ಟಾಗಬೇಡಿ, ಎರಡೂ ರೀತಿಯ ಒಟ್ಟು ಮೊತ್ತ ಬರೆಸಿಕೊಂಡು ಕೂಡಿಸಿ ಕಳೆದು ನೋಡಿ. ಕೆಲವೊಮ್ಮೆ ಅವರದೇ ಅಗ್ಗ ಬೀಳುತ್ತದೆ.

ಆಡ್-ಆನ್‌ಗಳಲ್ಲಿ ಜನ ಬಂಪರ್ ಟು ಬಂಪರ್ ಎನ್ನುವ ಝೀರೊ ಡೆಪ್ ಬೇಕೇ ಬೇಕು. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಗೆ 50% ಸವಕಳಿ ಕಳೆಯುತ್ತಾರೆ. ಈಗಿನ ಬಂಪರ್ ಪೂರ್ತಿ ಪ್ಲಾಸ್ಟಿಕ್ಕೇ. ಅಂಡರ್‌ಪಾಸ್‌ನಲ್ಲಿ ನೀರು ನಿಲ್ಲುವ ಊರಿನಲ್ಲಿ ಎಂಜಿನ್ ಪ್ರೊಟೆಕ್ಷನ್ನೂ ಇರಲಿ. ಟೈರ್ ಕವರ್, ಕೀ ಕವರ್, ಲಗೇಜ್ ಕವರ್ ಅಂತ ಉದ್ದ ಪಟ್ಟಿ ಬಂದರೆ ಒಂದೊಂದಕ್ಕೂ ಎಷ್ಟೆಂದು ಕೇಳಿ ಹೊಡೆದು ಹಾಕಿಸಿ.

ಹ್ಯಾಂಡ್ಲಿಂಗ್, ಲಾಜಿಸ್ಟಿಕ್ಸ್, ಡಿಪೋ ಚಾರ್ಜ್ ಯಾವ ಹೆಸರಲ್ಲಿ ಬಂದರೂ ಒಂದೇ. ಕಾರನ್ನು ಶೋರೂಂ ತನಕ ತರುವುದು ಡೀಲರ್ ಕೆಲಸ, ಅದಕ್ಕೆ ಮಾರ್ಜಿನ್ ಸಿಕ್ಕಿದೆ. ಯಾವ ಸೇವೆಗೆ ಈ ದುಡ್ಡು ಎಂದು ಇಮೇಲಿನಲ್ಲಿ ಕೇಳಿದರೆ ಸಾಮಾನ್ಯವಾಗಿ ಸಾಲೇ ಮಾಯವಾಗುತ್ತದೆ. ಹೈ ಸೆಕ್ಯುರಿಟಿ ನಂಬರ್ ಪ್ಲೇಟನ್ನು 2019ರ ಏಪ್ರಿಲ್‌ನಿಂದ ತಯಾರಾದ ಕಾರುಗಳಿಗೆ ತಯಾರಕರೇ ಕೊಡಬೇಕು. ಅದಕ್ಕೆ ಬೇರೆ ಸಾಲು ಕಂಡರೂ ಪ್ರಶ್ನಿಸಿ.

ಆಕ್ಸೆಸರೀಸ್ ‘ಬೇಸಿಕ್ ಕಿಟ್’ ಇನ್ನೊಂದು ಬಲೆ. ಮ್ಯಾಟು, ಮಡ್ ಫ್ಲಾಪು ತಗೊಳ್ಳಿ, ಪರವಾಗಿಲ್ಲ. ಸೀಟ್ ಕವರ್ ವಿಷಯದಲ್ಲಿ ಮಾತ್ರ ಹುಷಾರು: ಸೈಡ್ ಏರ್‌ಬ್ಯಾಗ್ ಇರುವುದು ಸೀಟಿನ ಪಕ್ಕದ ಹೊಲಿಗೆಯಲ್ಲಿ, ಬಿಗಿಯಾದ ಕವರ್ ಹಾಕಿದರೆ ಅದು ಬಿಚ್ಚಿಕೊಳ್ಳುವ ದಾರಿ ಮುಚ್ಚುತ್ತದೆ. ಹಾರ್ನು, ಲೈಟು ಹಾಕಿಸುವುದಾದರೆ ವೈರ್ ಕತ್ತರಿಸದೆ ಕಪ್ಲರ್ ಮೂಲಕ ಜೋಡಿಸಲಿ. ವೈರ್ ಕತ್ತರಿಸಿದ್ದು ಕಂಡರೆ ಎಲೆಕ್ಟ್ರಿಕಲ್ ವಾರಂಟಿಗೆ ಕೈ ಎತ್ತುತ್ತಾರೆ. ಹೊಸ ಕಾರಿಗೆ ಟೆಫ್ಲಾನ್ ಕೋಟಿಂಗ್ ದಂಡ. ಅಂಡರ್‌ಬಾಡಿ ಕೋಟಿಂಗ್ ಮಂಗಳೂರು, ಕಾರವಾರದ ಉಪ್ಪುಗಾಳಿಗೆ ಒಪ್ಪಬಹುದು, ಆದರೆ ನೀರು ಇಳಿಯುವ ತೂತುಗಳನ್ನು ಮುಚ್ಚಿ ಬಳಿದರೆ ತುಕ್ಕು ಒಳಗಿಂದಲೇ ಶುರು.

ಇನ್ನು ರಿಯಾಯಿತಿ. ತಯಾರಕರು ಕೊಡುವ ಕ್ಯಾಶ್ ಡಿಸ್ಕೌಂಟ್, ಎಕ್ಸ್‌ಚೇಂಜ್ ಬೋನಸ್, ಲಾಯಲ್ಟಿ, ಕಾರ್ಪೊರೇಟ್, ಹಳೆ ಕಾರು ಗುಜರಿಗೆ ಹಾಕಿದ್ದಕ್ಕೆ ಸ್ಕ್ರ್ಯಾಪೇಜ್ ಬೋನಸ್, ಇವೆಲ್ಲ ಬೇರೆ ಬೇರೆ ಕಿಸೆಗಳು. ಡೀಲರ್ ತನ್ನ ಮಾರ್ಜಿನ್ನಿನಿಂದ ಬಿಡುವುದು ಇನ್ನೊಂದು ಕಿಸೆ. ಚಾಲಾಕಿ ಡೀಲರ್ ತಯಾರಕರ ಹಣವನ್ನೇ ತಾನು ಬಿಟ್ಟಂತೆ ತೋರಿಸುತ್ತಾನೆ. ‘ಇದರಲ್ಲಿ ಕಂಪನಿಯದ್ದು ಎಷ್ಟು, ನಿಮ್ಮದು ಎಷ್ಟು?’ ಎಂದು ಕೇಳಿದಾಗ ಮುಖದ ಬಣ್ಣ ನೋಡಬೇಕು. ಎಕ್ಸ್‌ಚೇಂಜ್ ಬೋನಸ್ 30,000 ಎಂದು ಹೇಳಿ, ಹಳೆ ಕಾರಿಗೆ ಮಾರುಕಟ್ಟೆಗಿಂತ 40,000 ಕಡಿಮೆ ಕಟ್ಟಿದರೆ ನಿಮಗೆ ಹತ್ತು ಸಾವಿರ ನಷ್ಟವೇ. ಹಳೆ ಕಾರಿಗೆ ಮೊದಲು ಹೊರಗೆ ಬೆಲೆ ಕಟ್ಟಿಸಿಕೊಂಡು ಹೋಗಿ.

ಕಾಲವೂ ಮುಖ್ಯ. ಯುಗಾದಿ, ವರಮಹಾಲಕ್ಷ್ಮಿ, ಆಯುಧಪೂಜೆ, ದೀಪಾವಳಿಗೆ ಡೆಲಿವರಿ ಬೇಕೆಂದರೆ ಚೌಕಾಸಿಗೆ ಬಲವಿಲ್ಲ. ಆಷಾಢದಲ್ಲಿ ಶೋರೂಂ ಭಣಗುಡುತ್ತಿರುತ್ತದೆ. ನಂಬಿಕೆ ಅಡ್ಡ ಬಾರದಿದ್ದರೆ ಬಿಲ್ ಆಗ ಮಾಡಿಸಿ, ಪೂಜೆ ಶ್ರಾವಣದಲ್ಲಿ ಇಟ್ಟುಕೊಳ್ಳಿ. ತಿಂಗಳ ಕೊನೆಯ ವಾರ, ಮಾರ್ಚ್, ಡಿಸೆಂಬರ್ ಇವು ಟಾರ್ಗೆಟ್ ಹೊತ್ತು. ಆದರೆ ಡಿಸೆಂಬರ್ ಕಾರು ಜನವರಿಗೆ ಒಂದು ವರ್ಷ ಹಳೆಯದು. ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು, ವರ್ಷ ಅಚ್ಚಾಗುತ್ತದೆ. ಐದು ವರ್ಷದೊಳಗೆ ಮಾರುವವರು ದೊಡ್ಡ ರಿಯಾಯಿತಿ ಇಲ್ಲದೆ ಹಳೆ ಸ್ಟಾಕ್ ಮುಟ್ಟಬಾರದು. ಹತ್ತು ವರ್ಷ ಓಡಿಸುವವರಿಗೆ ಅದೇ ಲಾಭ.

ಸಾಲದ ಮೇಜಿನಲ್ಲಿ ಕೇಳಬೇಕಾದ್ದು ಒಂದೇ: ಫ್ಲಾಟ್ ದರವೋ (ಕೊನೆತನಕ ಪೂರ್ತಿ ಸಾಲಕ್ಕೆ ಬಡ್ಡಿ), ರೆಡ್ಯೂಸಿಂಗ್ ದರವೋ (ಉಳಿದ ಸಾಲಕ್ಕೆ ಮಾತ್ರ ಬಡ್ಡಿ)? ಐದು ವರ್ಷಕ್ಕೆ 5.5% ಫ್ಲಾಟ್ ಎಂದರೆ ಲಕ್ಷಕ್ಕೆ ತಿಂಗಳಿಗೆ 2,125 ರೂಪಾಯಿ ಕಂತು. ಬ್ಯಾಂಕಿನ 10% ರೆಡ್ಯೂಸಿಂಗ್ ದರದಲ್ಲೂ ಕಂತು ಅಷ್ಟೇ.

ಪೂರ್ತಿ ಹಣ ಕಟ್ಟುವ ಮೊದಲು ಚಾಸಿಸ್ ನಂಬರ್ ಬರಹದಲ್ಲಿ ಪಡೆದು, ಆ ಕಾರನ್ನೇ ಸ್ಟಾಕ್‌ಯಾರ್ಡಿನಲ್ಲಿ ನೋಡಿ. ಇನ್‌ವಾಯ್ಸ್, ವಿಮೆ, ರಿಜಿಸ್ಟ್ರೇಶನ್ ಆದ ಮೇಲೆ ಕಂಡ ಗೀರು ನಿಮ್ಮದೇ ಗೀರು. ಸಂಜೆ ಬೇಡ, ಶೆಡ್ಡಿನೊಳಗೂ ಬೇಡ, ಹಗಲು ಬೆಳಕಿನಲ್ಲಿ. ಅವರು ತೊಳೆಸಿಡಲಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ: 3225 ಎಂದರೆ 2025ರ 32ನೇ ವಾರ. ನಾಲ್ಕೂ ಟೈರ್ ಹತ್ತಿರಹತ್ತಿರದ ವಾರದವಾಗಿರಬೇಕು. ಒಂದು ಮಾತ್ರ ಕಾರಿಗಿಂತ ಎಳೆಯದಾದರೆ ಅದನ್ನು ಬದಲಾಯಿಸಿದ್ದಾರೆ ಎಂದರ್ಥ, ಯಾಕೆಂದು ಕೇಳಿ. ಗಾಜುಗಳ ಮೇಲಿನ ಗುರುತೂ ಹಾಗೆಯೇ. ಬಾಗಿಲ ಕೀಲಿನ ಬೋಲ್ಟಿನಲ್ಲಿ ಸ್ಪ್ಯಾನರ್ ಗುರುತು, ರಬ್ಬರ್ ಬೀಡಿಂಗ್ ಅಂಚಿನಲ್ಲಿ ಪೇಂಟಿನ ಸಿಂಪರಣೆ ಕಂಡರೆ ಆ ಕಾರು ಬೇಡ. ಬಾನೆಟ್ ಎತ್ತಿ ಇಲಿ ಕಡಿದ ವೈರ್, ಹಿಕ್ಕೆ ಹುಡುಕಿ; ಎರಡು ಮೂರು ತಿಂಗಳು ಬಯಲಲ್ಲಿ ನಿಂತ ಕಾರಿನಲ್ಲಿ ಇದು ಮಾಮೂಲಿ, ಬ್ಯಾಟರಿ ಇಳಿದಿರುವುದೂ ಮಾಮೂಲಿ. ಬ್ರೇಕ್ ಡಿಸ್ಕಿನ ಮೇಲಿನ ಕಿತ್ತಳೆ ತುಕ್ಕಿಗೆ ಹೆದರಬೇಡಿ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಓಡೊಮೀಟರ್ ಕೆಲವು ನೂರು ದಾಟಿದ್ದರೆ ಅದು ಡೆಮೊ ಕಾರು ಇರಬಹುದು.

ಡೆಲಿವರಿ ದಿನ ನಿಂಬೆಹಣ್ಣು ಚಕ್ರದ ಕೆಳಗೆ ಹೋಗುವ ಮೊದಲೇ ಫಾರಂ 21 (ಮಾರಾಟದ ಪ್ರಮಾಣಪತ್ರ), ಫಾರಂ 22 (ಕಾರು ರಸ್ತೆಗೆ ಯೋಗ್ಯ ಎಂಬ ಪ್ರಮಾಣಪತ್ರ), ಇನ್‌ವಾಯ್ಸ್, ಪಾಲಿಸಿ ನಾಲ್ಕರಲ್ಲೂ ಚಾಸಿಸ್ ನಂಬರ್ ಒಂದೇ ಇದೆಯೇ ನೋಡಿ, ಎರಡನೇ ಕೀ ಕೈಗೆ ತಗೊಳ್ಳಿ. ‘ನಾಳೆ ಮನೆಗೆ ಕಳಿಸ್ತೀವಿ’ ಎಂದದ್ದೆಲ್ಲ ಡೆಲಿವರಿ ನೋಟಿನ ಮೇಲೆ ಪೆನ್ನಿನಲ್ಲಿ ಬರೆಸಿ. ಕೆಲವು ದಿನಕ್ಕೆ ತಯಾರಕರ ಕಡೆಯಿಂದ ಅಭಿಪ್ರಾಯ ಕೇಳುವ ಕರೆ ಬರುತ್ತದೆ. ಆ ಅಂಕದ ಮೇಲೆ ಡೀಲರ್‌ಗೆ ಇನ್ಸೆಂಟಿವ್ ನಿಂತಿರುವುದರಿಂದ ‘ಹತ್ತಕ್ಕೆ ಹತ್ತು ಕೊಡಿ ಸರ್’ ಎಂದು ಸೇಲ್ಸ್ ಹುಡುಗ ಮೊದಲೇ ಫೋನ್ ಮಾಡುತ್ತಾನೆ. ಬಾಕಿ ಉಳಿದ ಮಡ್ ಫ್ಲಾಪ್, ಆರ್‌ಸಿ ಕಾರ್ಡ್, ವಾಪಸ್ ಬರಬೇಕಾದ ಬೋನಸ್ ಹಣ, ಎಲ್ಲವನ್ನೂ ಆ ಫೋನಿನಲ್ಲೇ ಕೇಳಿ.