ನಮ್ಮ ಮೆಟ್ರೊ ಹಳದಿ ಮಾರ್ಗ: ರೈಲು ಚೆನ್ನಾಗಿದೆ, ರೈಲಿನವರೆಗಿನ ದಾರಿ?

ಬೆಂಗಳೂರಿನ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡಾಗ, ಹೊಸೂರು ರಸ್ತೆಯ ಬಸ್ಸುಗಳಲ್ಲಿ ವರ್ಷಗಟ್ಟಲೆ ಕಂಬಿ ಹಿಡಿದು ಜೋತಾಡಿದ ನನ್ನಂಥವರಿಗೆ ಅದು ಬರೀ ಸುದ್ದಿಯಾಗಿರಲಿಲ್ಲ. 19 ಕಿಲೊಮೀಟರ್‌ಗೂ ತುಸು ಹೆಚ್ಚಿನ ಉದ್ದ, 16 ನಿಲ್ದಾಣಗಳು, ಸುಮಾರು 7,160 ಕೋಟಿ ರೂಪಾಯಿ ವೆಚ್ಚ. ಇದರಲ್ಲಿ ಸಾಕಷ್ಟು ಸಲ ಓಡಾಡಿದ ಮೇಲೆ ಬರೆಯುತ್ತಿರುವ ಈ ವಿಮರ್ಶೆ ರೈಲಿನ ಬಗ್ಗೆ ಎಷ್ಟೋ, ಸಾರ್ವಜನಿಕ ಸಾರಿಗೆಗೆ ಹಣ ಹಂಚುವ ಜನಪ್ರತಿನಿಧಿಗಳ ಆದ್ಯತೆಗಳ ಬಗ್ಗೆಯೂ ಅಷ್ಟೇ.

ಮೊದಲು ರೈಲು. ಬೋಗಿಗಳು ತಣ್ಣಗಿವೆ, ಸದ್ದು ಕಡಿಮೆ, ನಿಂತವರಿಗೂ ಹಿಡಿದುಕೊಳ್ಳಲು ಆಸರೆ ಇದೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗಿನ 3.3 ಕಿ.ಮೀ. ಭಾಗದಲ್ಲಿ ಕೆಳಗೆ ಹಳೆಯ ರಸ್ತೆ, ಅದರ ಮೇಲೆ ವಾಹನಗಳ ಮೇಲ್ಸೇತುವೆ, ಅದಕ್ಕೂ ಮೇಲೆ ನಮ್ಮ ರೈಲು. ಸಂಜೆ ಏಳರ ಸುಮಾರಿಗೆ ಸಿಲ್ಕ್ ಬೋರ್ಡ್ ದಾಟುವಾಗ ಕಿಟಕಿಯ ಬಳಿ ನಿಂತವರೆಲ್ಲ ಫೋನಿನಿಂದ ತಲೆಯೆತ್ತಿ ಒಮ್ಮೆ ಕೆಳಗೆ ನೋಡುತ್ತಾರೆ. ಕಣ್ಣು ಹಾಯುವಷ್ಟು ದೂರ ಬ್ರೇಕಿನ ಕೆಂಪು ದೀಪಗಳು, ನಡುವೆ ಸಿಕ್ಕಿಬಿದ್ದ ಒಂದು ಆಂಬುಲೆನ್ಸ್. ನಿನ್ನೆಯವರೆಗೆ ತಾನೂ ಅಲ್ಲೇ ಇದ್ದೆನೆಂಬ ನೆನಪು ಆ ನೋಟದಲ್ಲಿ ಇದ್ದೇ ಇರುತ್ತದೆ.

ಆದರೆ ಈ ಮಾರ್ಗ ಆರಂಭವಾದದ್ದು ಕೇವಲ ಮೂರು ರೈಲುಗಳೊಂದಿಗೆ, 25 ನಿಮಿಷಕ್ಕೊಂದರಂತೆ. ಕಂಬಗಳು ಎದ್ದು, ಹಳಿಗಳು ಕೂಡಿ, ನಿಲ್ದಾಣಗಳು ಬಣ್ಣ ಬಳಿದುಕೊಂಡು ಸಜ್ಜಾಗಿ ಎಷ್ಟೋ ಕಾಲದವರೆಗೆ ರೈಲೇ ಇರಲಿಲ್ಲ. 2019ರಲ್ಲಿ 216 ಬೋಗಿಗಳ ಗುತ್ತಿಗೆ ಪಡೆದ ಚೀನಾದ ಸಿ.ಆರ್.ಆರ್.ಸಿ. ಕಂಪನಿಯು ಒಪ್ಪಂದದಂತೆ ಭಾರತದಲ್ಲಿ ಕಾರ್ಖಾನೆ ತೆರೆಯಲಾಗದೆ, ಕೊನೆಗೆ ಕೋಲ್ಕತ್ತದ ಟಿಟಾಗಢ ಕಂಪನಿಯ ಜೊತೆ ಕೈಜೋಡಿಸಬೇಕಾಯಿತು. ಚೀನೀ ಎಂಜಿನಿಯರುಗಳ ವೀಸಾ ತೊಡಕು ಬೇರೆ ಸೇರಿಕೊಂಡಿತು. ಮಾರ್ಗವನ್ನು ಬೇಗ ತೆರೆಯುವಂತೆ ಸಂಸದ ತೇಜಸ್ವಿ ಸೂರ್ಯ ಅವರು 2025ರ ಜುಲೈನಲ್ಲಿ ಪ್ರತಿಭಟನೆಗಿಳಿದರು. ಒತ್ತಡ ಹಾಕುವುದು ಸಂಸದರ ಕೆಲಸವೇ, ತಪ್ಪೇನಿಲ್ಲ. ಆದರೂ ಮೂರೇ ರೈಲಿದ್ದರೂ ಸರಿ, ತೆರೆದುಬಿಡಿ ಎನ್ನುವ ಆತುರವನ್ನು ಎಲ್ಲ ಪಕ್ಷದವರೂ ತೋರಿಸುತ್ತಾರೆ. ಹತ್ತನೆಯ ರೈಲು, ಹನ್ನೆರಡನೆಯ ರೈಲು ಯಾವಾಗ ಬರುತ್ತದೆ ಎಂದು ಅದೇ ದನಿಯಲ್ಲಿ ಕೇಳುವವರು ವಿರಳ. ಸೇತುವೆಗೆ ಹಸಿರು ಬಾವುಟ ಉಂಟು, ರೈಲುಗಳ ನಡುವಿನ ಅಂತರ ತಗ್ಗಿದ್ದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಆಮೇಲೆ ಒಂದೊಂದೇ ರೈಲು ಸೇರಿಕೊಂಡಂತೆ ಕಾಯುವ ಹೊತ್ತು ಇಳಿಯಿತು, ನಿಜ.

ದರದ ವಿಷಯದಲ್ಲಿ ನನಗೆ ತಕರಾರಿದೆ. 2025ರ ಫೆಬ್ರುವರಿ 9ರಂದು ಇಡೀ ಮೆಟ್ರೊ ಜಾಲದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಕೂಗೆದ್ದ ಮೇಲೆ ಕೆಲವು ಹಂತಗಳಲ್ಲಿ ಅಷ್ಟಿಷ್ಟು ಇಳಿಸಿದರು. ಆಗ ರಾಜ್ಯದವರು ಕೇಂದ್ರದ ಕಡೆಗೆ, ಕೇಂದ್ರದವರು ರಾಜ್ಯದ ಕಡೆಗೆ ಬೆರಳು ತೋರಿಸಿದರು. ದರ ನಿಗದಿ ಸಮಿತಿಯ ಶಿಫಾರಸು 2002ರ ಮೆಟ್ರೊ ಕಾಯ್ದೆಯ ಪ್ರಕಾರ ಮೆಟ್ರೊ ನಿಗಮವನ್ನು ಕಟ್ಟಿಹಾಕುತ್ತದೆ ಎನ್ನುವುದು ಸರಿ. ಆದರೆ ಆ ನಿಗಮ ಎರಡೂ ಸರ್ಕಾರಗಳ ಸಮಪಾಲಿನದು. ನಿರ್ವಹಣೆಗೆ ಬೊಕ್ಕಸದಿಂದ ಇಷ್ಟು ಕೊಡುತ್ತೇವೆ, ದರವನ್ನು ಇಷ್ಟರಲ್ಲೇ ನಿಲ್ಲಿಸಿ ಎಂದು ಸದನದಲ್ಲಿ ಎದ್ದು ನಿಂತು ಹೇಳುವುದಕ್ಕೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ.

ಇದರ ಪರಿಣಾಮ ಹೊಂಗಸಂದ್ರದ ಸುತ್ತ ಕಣ್ಣಿಗೆ ಹೊಡೆಯುತ್ತದೆ. ಗಾರ್ಮೆಂಟ್ಸ್ ಬಿಟ್ಟ ಹೊತ್ತಿಗೆ ಟಿಫಿನ್ ಬ್ಯಾಗು ಹಿಡಿದ ಹೆಣ್ಣುಮಕ್ಕಳು ಮೆಟ್ರೊ ಮೆಟ್ಟಿಲನ್ನು ಬಳಸಿಕೊಂಡು ಹೋಗಿ ಬಸ್ ನಿಲ್ದಾಣದಲ್ಲೇ ನಿಲ್ಲುತ್ತಾರೆ. ಮೇಲೆ ಹತ್ತಿದರೆ ಕಾಸು, ಕೆಳಗೆ ನಿಂತರೆ ಆಧಾರ್ ಕಾರ್ಡು ಸಾಕು ಎಂಬುದು ಅವರ ಲೆಕ್ಕ. 2023ರ ಜೂನ್ 11ರಿಂದ ಜಾರಿಯಲ್ಲಿರುವ, ಹೆಣ್ಣುಮಕ್ಕಳ ಉಚಿತ ಪ್ರಯಾಣದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಬಸ್ಸಿಗಷ್ಟೇ, ಮೆಟ್ರೊಗೆ ಇಲ್ಲ. ಶಕ್ತಿಯನ್ನು ನಾನು ಒಳ್ಳೆಯ ಖರ್ಚೆಂದೇ ಎಣಿಸುತ್ತೇನೆ. ಅದನ್ನು ಘೋಷಿಸಿದವರೇ ಬಸ್ ನಿಗಮಗಳ ಬಾಕಿಯನ್ನು ಸಕಾಲಕ್ಕೆ ಕಟ್ಟಿಕೊಡದೆ, 2025ರ ಜನವರಿಯಲ್ಲಿ ಬಸ್ ದರವನ್ನು ಶೇ 15ರಷ್ಟು ಏರಿಸಿ, ಮೇಲಿಂದ 2,000 ಕೋಟಿ ರೂಪಾಯಿ ಸಾಲಕ್ಕೆ ಖಾತರಿ ನೀಡಿದ್ದು ಮಾತ್ರ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದ ಹಾಗಾಯಿತು.

ಅದೇ ವರ್ಷದ ಮಾರ್ಚ್‌ನ ರಾಜ್ಯ ಬಜೆಟ್ಟಿನಲ್ಲಿ ಎರಡು ಸುರಂಗ ರಸ್ತೆಗಳಿಗೆ 40,000 ಕೋಟಿ ರೂಪಾಯಿಯ ಅಂದಾಜು ಬಂತು. ಮೆಟ್ರೊ ಮೂರನೆಯ ಹಂತದ ಜೊತೆಗೆ 40.5 ಕಿ.ಮೀ. ಎರಡಂತಸ್ತಿನ ಮೇಲ್ಸೇತುವೆಗೆ 8,916 ಕೋಟಿ. ಶುಲ್ಕ ಕಟ್ಟಿ ಕಾರು ಓಡಿಸುವವರಿಗಾಗಿ ನೆಲ ಕೊರೆಯುವ ಈ ಉತ್ಸಾಹದ ಪಕ್ಕದಲ್ಲಿ, 2020ರಲ್ಲೇ ಮಂಜೂರಾಗಿ ಇನ್ನೂ ಒಂದು ರೈಲನ್ನೂ ಕಾಣದ 148 ಕಿ.ಮೀ. ಉಪನಗರ ರೈಲು ಯೋಜನೆಯನ್ನು ಇಟ್ಟು ನೋಡಿ. ಕೇಂದ್ರದ ಪಿ.ಎಂ. ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿಗೆ ಹಂಚಿಕೆಯಾಗಿರುವ ಸುಮಾರು 4,500 ಎಲೆಕ್ಟ್ರಿಕ್ ಬಸ್ಸುಗಳು ಸರಿಯಾಗಿ ಬೀದಿಗಿಳಿದರೆ ಸುರಂಗಕ್ಕಿಂತ ಎಷ್ಟೋ ಮೊದಲೇ ಉಸಿರಾಡಲು ಜಾಗವಾದೀತು. ಆದರೆ ಅವಕ್ಕೆ ಪ್ರತ್ಯೇಕ ಪಥ ಬೇಕು. 2019ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಬಸ್ಸಿಗೆಂದೇ ಬಿಟ್ಟಿದ್ದ ಪಥ ಮೆಟ್ರೊ ಕಾಮಗಾರಿಯಲ್ಲಿ ಮುಚ್ಚಿಹೋಯಿತು.

ಕಳೆದ ಮಳೆಗಾಲದ ಒಂದು ಸಂಜೆ ಈ ಮಾರ್ಗದ ನಿಲ್ದಾಣವೊಂದರಲ್ಲಿ ಇಳಿದೆ. ಲಿಫ್ಟ್ ಸರಿಯಾಗಿತ್ತು, ಸಿಬ್ಬಂದಿ ವಿನಯದಿಂದಲೇ ಇದ್ದರು. ಹೊರಗೆ ಕಾಲಿಟ್ಟರೆ ಪಾದಚಾರಿ ಮಾರ್ಗದ ಚಪ್ಪಡಿಯೊಂದು ಸರಿದು ಚರಂಡಿ ಬಾಯ್ತೆರೆದಿತ್ತು, ಯಾರೋ ಪುಣ್ಯಾತ್ಮರು ಅದರಲ್ಲೊಂದು ತೆಂಗಿನ ಗರಿ ನೆಟ್ಟಿದ್ದರು. ಕಚೇರಿಗೆ ನಡೆದು ಹೋಗಬೇಕಾದದ್ದು ಆರುನೂರು ಮೀಟರ್; ಷೂ ಕೈಯಲ್ಲಿ ಹಿಡಿದು ಅಷ್ಟನ್ನು ದಾಟಲು, ಆರ್.ವಿ. ರಸ್ತೆಯಿಂದ ಅಲ್ಲಿಯವರೆಗೆ ರೈಲು ತೆಗೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.