ಆರತಕ್ಷತೆಯ ಸ್ಯಾಕ್ಸೋಫೋನ್ ತಂಡ: ಮನೋಧರ್ಮಕ್ಕೆ ಇಪ್ಪತ್ತು ನಿಮಿಷ ಬಿಟ್ಟುಕೊಡಿ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಛತ್ರಗಳಿಗೆ ಓಲಗದ ಬದಲು ಸ್ಯಾಕ್ಸೋಫೋನ್ ತಂಡ ಕರೆಸುವುದುಂಟು. ಎರಡು ಆಲ್ಟೋ ಸ್ಯಾಕ್ಸೋಫೋನ್, ಎರಡು ಡೋಲು, ಒಂದು ತಾಳ, ಜೊತೆಗೆ ಶ್ರುತಿಪೆಟ್ಟಿಗೆ: ಇಂಥ ಐವರ ತಂಡದ ಬಗ್ಗೆ ಈ ಮಾತು. ಬರೀ ಸಿನಿಮಾ ಹಾಡಿಗೆ ಕರೆಸಿದರೆ ಕೊಟ್ಟ ದುಡ್ಡು ದಂಡ. ಊಟಕ್ಕೆ ಏಳುವ ಮೊದಲು ಇಪ್ಪತ್ತು ನಿಮಿಷ ಒಂದೇ ರಾಗದ ಮನೋಧರ್ಮಕ್ಕೆ, ಅಂದರೆ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವುದಕ್ಕೆ, ಬಿಟ್ಟರೆ, ಎದ್ದವರೂ ಮತ್ತೆ ಕೂರುತ್ತಾರೆ.

ಹಂಸಧ್ವನಿ ರಾಗ ಕೇಳಿ ನೋಡಿ. ಇರುವುದು ಸ ರಿ ಗ ಪ ನಿ, ಐದೇ ಸ್ವರ. ಆದಿತಾಳದಲ್ಲಿ ಮೊದಲು ಒಂದು ಆವರ್ತ (ತಾಳದ ಒಂದು ಪೂರ್ತಿ ಸುತ್ತು) ಸ್ವರ ಹಾಕಿ, ಸರಿಯಾಗಿ ಎಡುಪಿಗೆ, ಅಂದರೆ ತಾಳದಲ್ಲಿ ಪಲ್ಲವಿ ಶುರುವಾಗುವ ಜಾಗಕ್ಕೆ, ಬಂದು ಪಲ್ಲವಿ ಹಿಡಿಯುತ್ತಾರೆ. ಆಮೇಲೆ ಎರಡು ಆವರ್ತ, ನಾಲ್ಕು ಆವರ್ತ. ಒಬ್ಬರು ಗ ಪ ನಿ ಎಂದು ನಿಷಾದದ ಮೇಲೆ ನಿಲ್ಲಿಸಿದರೆ ಇನ್ನೊಬ್ಬರು ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಡೋಲಿನವರು ಆ ನಡೆಯನ್ನು ಹಾಗೇ ತಿರುಗಿಸಿ ಹೊಡೆಯುತ್ತಾರೆ. ಸರದಿ ಕಿರಿದಾಗುತ್ತ ನಾಲ್ಕಕ್ಷರ (ತಾಳದ ನಾಲ್ಕು ಎಣಿಕೆ), ಎರಡಕ್ಷರಕ್ಕೆ ಇಳಿದಾಗ ಇಬ್ಬರ ಕಣ್ಣೂ ಪರಸ್ಪರರ ಮೇಲೇ ಇರುತ್ತವೆ. ಮುಂದೇನು ಬರುತ್ತದೆಂದು ನುಡಿಸುವವರಿಗೂ ಗೊತ್ತಿರುವುದಿಲ್ಲ, ಆ ಸೊಗಸೇ ಬೇರೆ.

ಜಾಝ್‌ನಲ್ಲೂ ಇಂಥದ್ದೇ ಪದ್ಧತಿಯಿದೆ: ನಾಲ್ಕು ಬಾರ್ (ತಾಳದ ಚಿಕ್ಕ ಸುತ್ತು) ಊದುವವರಿಗೆ, ನಾಲ್ಕು ಬಾರ್ ಡ್ರಮ್ಸ್‌ಗೆ. ಅಲ್ಲಿ ಹನ್ನೆರಡು ಬಾರ್‌ಗಳ ಬ್ಲೂಸ್ ಎಂಬ ಹಾಡಿನ ಅಡಿಯಲ್ಲಿ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು, ಬದಲಾಗುತ್ತಿರುತ್ತವೆ, ಇಲ್ಲಿ ಆಧಾರ ಸ್ವರವಾದ ಷಡ್ಜ ಕದಲುವುದಿಲ್ಲ. ಈ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಕದ್ರಿ ಗೋಪಾಲನಾಥರು 1980ರಲ್ಲೇ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರ ಜೊತೆ ನುಡಿಸಿದ್ದರು.

ಎಡವಟ್ಟಾಗುವುದು ಮೂರು ಕಡೆ. ನಂದಿ ಬೆಟ್ಟದ ಸುತ್ತಿನ ಚಳಿಗೆ ಹಿತ್ತಾಳೆಯೊಳಗಿನ ಗಾಳಿ ತಣ್ಣಗಾಗಿ, ಬೆಳಗಿನ ಮುಹೂರ್ತದಲ್ಲಿ ಶ್ರುತಿ ಇಳಿದಿರುತ್ತದೆ. ವಾದಕರು ಐದು ಹತ್ತು ನಿಮಿಷ ಮೊದಲೇ ಊದಿ ಬಿಸಿ ಮಾಡಿಕೊಂಡು, ಬಾಯಿತುಂಡನ್ನು ಕಾರ್ಕ್ ಮೇಲೆ ಕೂದಲೆಳೆಯಷ್ಟು ಒಳಗೆ ತಳ್ಳಬೇಕು. ಜನ ತುಂಬಿ ಸೆಕೆಯಾದರೆ ಶ್ರುತಿ ಏರುತ್ತದೆ, ಆಗ ಅಷ್ಟೇ ಹೊರಗೆ ಎಳೆಯಬೇಕು. ಎರಡನೆಯದು ರೀಡ್, ಬಾಯಿತುಂಡಿನಲ್ಲಿ ಕಂಪಿಸಿ ನಾದ ಹೊರಡಿಸುವ ತೆಳು ಪಟ್ಟಿ: ಒಣಗಿದ್ದರೆ ಕೀರಲು ದನಿ ಬರುತ್ತದೆ, ತೀರಾ ಗಟ್ಟಿಯಾಗಿದ್ದರೆ ತುಟಿಯಲ್ಲಿ ಒತ್ತಿ ಗಮಕ (ಸ್ವರದ ಬಳುಕು) ತರುವುದು ಕಷ್ಟ. ಮೂರನೆಯದು ಮೈಕ್. ಇದನ್ನು ವಾದ್ಯದ ಅಗಲ ಬಾಯಿಯೊಳಗೆ ತುರುಕುವವರೇ ಹೆಚ್ಚು, ಆದರೆ ಅಲ್ಲಿಂದ ಬರುವುದು ತೀರಾ ಕೆಳಗಿನ ಸ್ವರಗಳಷ್ಟೇ. ಉಳಿದವು ಮೈಮೇಲಿನ ರಂಧ್ರಗಳಿಂದ ಹೊರಡುತ್ತವೆ. ಒಂದೂವರೆ ಗೇಣು ದೂರದಲ್ಲಿ, ವಾದ್ಯದ ಆ ಅಗಲ ಬಾಯಿಗೂ ವಾದಕರ ಎಡಗೈ ಬೆರಳುಗಳಿಗೂ ನಡುವೆ ಗುರಿಯಿಟ್ಟು ನಿಲ್ಲಿಸಿದರೆ ಎಲ್ಲ ಸ್ವರವೂ ಸಮನಾಗಿ ಕೇಳುತ್ತದೆ. ಚಿಕ್ಕ ಛತ್ರದಲ್ಲಿ ಡೋಲಿಗೆ ಮೈಕ್ ಬೇಡವೇ ಬೇಡ.

ಕೆಲವು ತಂಡಗಳು ಖರ್ಚು ಉಳಿಸಲು ಡೋಲು ಬಿಟ್ಟು ರಿದಮ್ ಪ್ಯಾಡ್ ಎಂಬ ವಿದ್ಯುತ್ ತಾಳಯಂತ್ರ ತರುತ್ತವೆ. ತುಂಬಿಟ್ಟ ತಾಳ ಓಡಿಸಿಬಿಟ್ಟರೆ ಅದು ಸ್ಯಾಕ್ಸೋಫೋನಿಗೆ ಕಿವಿಗೊಡುವುದಿಲ್ಲ, ಮರುಮಾತೂ ಆಡುವುದಿಲ್ಲ. ಅಲ್ಲಿಗೆ ಮನೋಧರ್ಮ ಸತ್ತಂತೆಯೇ. ಮುಂಗಡ ಕೊಡುವಾಗಲೇ ಡೋಲು ಬರುತ್ತದೆಯೇ, ಎಷ್ಟು ಜನ ಬರುತ್ತಾರೆ, ಗಾಡಿ ಖರ್ಚು ಸೇರಿದೆಯೇ ಎಂದು ಕೇಳಿಕೊಳ್ಳಿ. ಜನರೇಟರ್ ಪಕ್ಕ ಕೂರಿಸಬೇಡಿ. ಇಂಥ ಹಾಡು ನುಡಿಸಿ ಎಂದು ಕೇಳುವ ಚೀಟಿ ಎರಡು ಮೂರು ಸಾಕು.

ಮುಹೂರ್ತಕ್ಕೂ ಇದೇ ತಂಡವನ್ನು ಉಳಿಸಿಕೊಳ್ಳುವುದು ಒಳ್ಳೆಯದು. ಹೀಗೆ ಸ್ವರ ಹಾಕುವ ಸ್ವರಪ್ರಸ್ತಾರದ ನಡುವೆಯೇ ಪುರೋಹಿತರ ತೋರುಬೆರಳು ಮೇಲೆದ್ದರೆ ಎಡುಪು, ಲೆಕ್ಕ ಎಲ್ಲ ಅಲ್ಲೇ ಬಿಟ್ಟು ಗಟ್ಟಿಮೇಳಕ್ಕೆ ಹಾರಬೇಕು. ಪಳಗಿದ ಡೋಲಿನವರ ಒಂದು ಕಣ್ಣು ಆ ಬೆರಳಿನ ಮೇಲೇ ಇರುತ್ತದೆ. ತಾಳಿ ಕಟ್ಟಿ ಅಕ್ಷತೆ ಬಿದ್ದ ಮೇಲೆ, ಬಿಟ್ಟ ರಾಗವನ್ನು ಬಿಟ್ಟ ಸ್ವರದಿಂದಲೇ ಮತ್ತೆ ಎತ್ತಿಕೊಳ್ಳುವ ತಂಡ ಸಿಕ್ಕರೆ, ಮುಂದಿನ ಮದುವೆಗೂ ಅವರನ್ನೇ ಗೊತ್ತುಮಾಡಿ.