ಎಲ್ಲಿ ನಗಬೇಕೆಂದು ನಮಗೆ ಹೇಳಿಕೊಡಬೇಕಾಗಿರಲಿಲ್ಲ: ಹೊಲಿಗೆಯಂಗಡಿಯ ಧಾರಾವಾಹಿಯ ಬಗ್ಗೆ

ಮೇ ತಿಂಗಳ ಕೊನೆಗೆ ಪತ್ತನಾಜೆಯ ದಿನ ಕಳೆದು ಯಕ್ಷಗಾನ ಮೇಳಗಳು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಡೆಯ ಮನೆಗಳಲ್ಲಿ ರಾತ್ರಿಯ ಹೊತ್ತು ಟಿ.ವಿ.ಯೇ ಗತಿ. ಹಾಗಿರುವಾಗ ಜೂನ್ ತಿಂಗಳ ಮಳೆಯ ಜೊತೆಗೇ ಖಾಸಗಿ ಕನ್ನಡ ವಾಹಿನಿಯೊಂದರಲ್ಲಿ ಆರಂಭವಾದ ಈ ಪ್ರೇಮ-ಹಾಸ್ಯ ಧಾರಾವಾಹಿಯನ್ನು ನಾವು ಮೊದಲ ಸಂಚಿಕೆಯಿಂದ ನೋಡುತ್ತ ಬಂದಿದ್ದೇವೆ. ಈಗ ಮೇಳಗಳು ಮತ್ತೆ ತಿರುಗಾಟಕ್ಕೆ ಹೊರಟಿವೆ, ಧಾರಾವಾಹಿಯೂ ಮುಂದುವರಿದಿದೆ. ನಟರು ಯಾರು, ಯಾವ ಹೊತ್ತಿಗೆ ಬರುತ್ತದೆ ಎಂಬುದೆಲ್ಲ ನೋಡುವವರಿಗೆ ಗೊತ್ತಿದೆ. ಹೊಲಿಗೆಯಂಗಡಿಯ ಧಾರಾವಾಹಿ ಎಂದರೆ ಉಡುಪಿಯ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರೂ ಮಾತಿಗೆ ಬರುತ್ತಾರೆ. ನಾನು ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ಒಂದೇ ವಿಷಯದ ಬಗ್ಗೆ. ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಧಾರಾವಾಹಿಗೆ ನಡುವಿನಲ್ಲಿ ತಂದು ಸೇರಿಸಿದ ಧ್ವನಿಮುದ್ರಿತ ನಗೆಯ ಬಗ್ಗೆ.

ಮೊದಲು ಅದರ ಒಳ್ಳೆಯತನವನ್ನು ಹೇಳಬೇಕು. ಕೆಳಗಿನ ಮಹಡಿಯಲ್ಲಿ ಹೊಲಿಗೆಯಂಗಡಿ ಇಟ್ಟಿರುವ ನಾಯಕಿಗೂ ಅದೇ ಕಟ್ಟಡದ ಮೇಲಂತಸ್ತಿನಲ್ಲಿ ಬಾಡಿಗೆಗಿರುವ ನಾಯಕನಿಗೂ ವಯಸ್ಸು ನಲವತ್ತರ ಆಸುಪಾಸು. ಇಬ್ಬರಿಗೂ ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸವಿಲ್ಲ. ಆರಂಭದ ವಾರಗಳ ಒಂದು ದೃಶ್ಯದಲ್ಲಿ ಅವನು ಗುಂಡಿ ಹೋದ ಅಂಗಿಯೊಂದನ್ನು ತಂದು ಮೇಜಿನ ಮೇಲಿಡುತ್ತಾನೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದು ಕಿತ್ತುಹೋದದ್ದಲ್ಲ, ಕತ್ತರಿಸಿದ್ದು" ಎನ್ನುತ್ತಾಳೆ. ಅವನು ಫ್ಯಾನಿನ ಕಡೆಗೆ ನೋಡುತ್ತಾನೆ. ಹಿನ್ನೆಲೆ ಸಂಗೀತವಿಲ್ಲ, ಫ್ಯಾನಿನ ಕಿರುಗುಟ್ಟುವಿಕೆ ಮಾತ್ರ. ಅವಳು ಡಬ್ಬಿಯಿಂದ ಒಂದೊಂದೇ ನೂಲಿನ ಉಂಡೆಯನ್ನು ತೆಗೆದು ಅಂಗಿಯ ಬಣ್ಣಕ್ಕೆ ಹೊಂದಿಸಿ ನೋಡಿ, ಸಾವಕಾಶವಾಗಿ ಸೂಜಿಗೆ ಪೋಣಿಸಿ, ಆಮೇಲೆ, "ನಾಳೆ ಬನ್ನಿ, ಕತ್ತರಿ ಮನೆಯಲ್ಲೇ ಇರಲಿ" ಎನ್ನುತ್ತಾಳೆ. ಪ್ರೀತಿ ಎಂಬ ಶಬ್ದವೇ ಬಾರದ ಆ ದೃಶ್ಯದಲ್ಲಿ ಇಬ್ಬರ ಮನಸ್ಸೂ ನಮಗೆ ತಿಳಿದುಬಿಟ್ಟಿತು.

ನಮ್ಮದು ಶಂಕರಪುರದ ಸಮೀಪ ಮಲ್ಲಿಗೆ ಬೆಳೆಯುವ ಮನೆ. ಸಂಜೆ ಕೆಲಸದಿಂದ ಬಂದವಳು ಕುಚ್ಚಲಕ್ಕಿಯನ್ನು ಒಲೆಯ ಮೇಲಿಟ್ಟರೆ ಅದು ಬೇಯುವುದರೊಳಗೆ ಒಂದು ಸಂಚಿಕೆ ಮುಗಿಯುತ್ತದೆ. ಬಸಿಯುವ ಹೊತ್ತಿಗೆ ಸರಿಯಾಗಿ ಕೊನೆಯ ಜಾಹೀರಾತು ಬರುತ್ತದೆ. ಅತ್ತೆ ಗೋಡೆಗೆ ಒರಗಿ ಕುಳಿತು ಮರುದಿನದ ಹೂ ಕಟ್ಟಲು ಬಾಳೆನಾರನ್ನು ಸೀಳುತ್ತಾರೆ. ಒದ್ದೆ ಮಾಡಿದ ನಾರಿಗೆ ಹೆಬ್ಬೆರಳಿನ ಉಗುರನ್ನು ಊರಿ, ಎಳೆಯ ದಪ್ಪ ಎಲ್ಲಿಯೂ ಹೆಚ್ಚುಕಡಿಮೆಯಾಗದಂತೆ ತುದಿಯವರೆಗೆ ಎಳೆಯುವ ಕೆಲಸ ಅದು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕದಲ್ಲಿ ಬದುಕಿದ ಅವರ ಕೈಗೆ ಕಣ್ಣಿನ ಸಹಾಯ ಬೇಡ. ಹಾಗಿದ್ದರೂ ಗುಂಡಿಯ ಆ ದೃಶ್ಯದಲ್ಲಿ ಅವರ ಉಗುರು ನಾರಿನ ನಡುವೆಯೇ ನಿಂತಿತು. ನಾಯಕ ಫ್ಯಾನನ್ನು ನೋಡುತ್ತಿದ್ದಷ್ಟು ಹೊತ್ತೂ ಅವರು ಪರದೆಯನ್ನೇ ನೋಡುತ್ತಿದ್ದರು. ಮಾತು ಮುಗಿದು ಒಂದು ಗಳಿಗೆ ಕಳೆದ ಮೇಲೆ ನಕ್ಕರು. ನನ್ನ ಮಗಳು ಅವರಿಗಿಂತ ಮೊದಲೇ ನಕ್ಕಿದ್ದಳು. ಮಾವ ಮಾತ್ರ ಊಟಕ್ಕೆ ಕುಳಿತಾಗ ನೆನಪಿಸಿಕೊಂಡು ನಕ್ಕರು.

ಈ ಹೆಚ್ಚುಕಡಿಮೆಯೇ ನನಗೆ ಮುಖ್ಯವೆನಿಸುತ್ತದೆ. ಕಟೀಲು, ಮಂದಾರ್ತಿ ಮೇಳಗಳ ಬಯಲಾಟದಲ್ಲಿ ಕುಳಿತು ಬೆಳೆದವರಿಗೆ ಇದು ಹೊಸದಲ್ಲ. ದೂತನಾಗಿಯೋ ಮುದುಕನಾಗಿಯೋ ರಂಗಕ್ಕೆ ಬಂದ ಹಾಸ್ಯಗಾರನ ಮಾತಿಗೆ ಎದುರಿನ ಸಾಲಿನ ಮಕ್ಕಳು ಒಮ್ಮೆ ನಗುತ್ತಾರೆ, ಅರ್ಥ ಬಲ್ಲ ಹಿರಿಯರು ತಡೆದು ನಗುತ್ತಾರೆ, ಚರುಮುರಿ ಮಾರುವವನ ಬಳಿ ನಿಂತವರಿಗೆ ಇನ್ನೂ ತಡವಾಗಿ ಮುಟ್ಟುತ್ತದೆ. ಒಳ್ಳೆಯ ಹಾಸ್ಯಗಾರ ಆ ನಗೆ ಬಯಲನ್ನು ದಾಟಿ ಹೋಗುವವರೆಗೆ ಕಾಯುತ್ತಾನೆ, ಕಾಯುತ್ತಲೇ ಮುಂದಿನ ಮಾತನ್ನು ಅಲ್ಲೇ ಹುಟ್ಟಿಸುತ್ತಾನೆ. ಕ್ಯಾಮೆರಾದ ಎದುರು ನಟಿಸುವವರಿಗೆ ಆ ಅನುಕೂಲವಿಲ್ಲ. ಆದರೂ ಈ ಧಾರಾವಾಹಿಯ ಬರಹಗಾರರು ಮಾತುಗಳ ನಡುವೆ ಬಿಟ್ಟಿದ್ದ ಮೌನದಲ್ಲಿ ಪ್ರತಿಯೊಂದು ಮನೆಯೂ ತನ್ನ ಹೊತ್ತಿಗೆ ತಾನು ನಗುವುದಕ್ಕೆ ಸ್ಥಳವಿತ್ತು. ಕನ್ನಡದ ಕಿರುತೆರೆಯಲ್ಲಿ ಇಷ್ಟು ಧೈರ್ಯವನ್ನು ನಾನು ಕಂಡದ್ದು ಕಡಿಮೆ.

ನವರಾತ್ರಿಯ ಹೊತ್ತಿಗೆ ಅದು ಬದಲಾಯಿತು. ಯಾವ ಸೂಚನೆಯೂ ಇಲ್ಲದೆ ಒಂದು ಸೋಮವಾರ ನಾಯಕನ ಮಾತಿನ ಹಿಂದೆ ನೂರಾರು ಜನ ಒಟ್ಟಿಗೆ ನಕ್ಕ ಸದ್ದು ಕೇಳಿಸಿತು. ಅಂದಿನಿಂದ ಪ್ರತಿ ಸಂಚಿಕೆಯಲ್ಲೂ ಅದೇ. ಸ್ವಲ್ಪ ಗಮನವಿಟ್ಟರೆ ಅದು ಮೂರೋ ನಾಲ್ಕೋ ಬಗೆಯ ನಗೆಗಳನ್ನು ಮತ್ತೆ ಮತ್ತೆ ಹಾಕುತ್ತಿರುವುದೆಂದು ತಿಳಿಯುತ್ತದೆ. ಒಂದರಲ್ಲಿ ಗಂಡಸೊಬ್ಬರು ಉಳಿದವರೆಲ್ಲ ನಿಲ್ಲಿಸಿದ ಮೇಲೂ ನಗುತ್ತಿರುತ್ತಾರೆ. ಅವರ ಧ್ವನಿ ನಮ್ಮ ಮನೆಯಲ್ಲಿ ಎಲ್ಲರಿಗೂ ಪರಿಚಿತವಾಗಿದೆ. ನಾಯಕನ ತಾಯಿ ಅಂಗಡಿಗೆ ಬಂದಾಗ ಅವನು ತೂಗುಹಾಕಿದ ರವಿಕೆಗಳ ಹಿಂದೆ ಅಡಗುವ ದೃಶ್ಯದಲ್ಲಿ ತಾಯಿ ಹೊರಡುವಾಗ ಹೇಳಿದ ಮಾತೇ ಇಡೀ ವಾರದ ಕಥೆಯ ತಿರುವು. ಆ ಮಾತಿನ ಅರ್ಧವನ್ನು ಈ ನಗೆ ನುಂಗಿತು. ಮರುದಿನ ಮೊಬೈಲಿನಲ್ಲಿ ಇಯರ್‌ಫೋನ್ ಹಾಕಿ ಅದೇ ಭಾಗವನ್ನು ಹಿಂದಕ್ಕೆ ತಂದು ಕೇಳಿದ ಮೇಲಷ್ಟೇ, ಮಗ ಅಲ್ಲಿ ಅಡಗಿರುವುದು ಆಕೆಗೆ ಮೊದಲೇ ಗೊತ್ತಿತ್ತೆಂದು ನನಗೆ ತಿಳಿಯಿತು.

ಅತ್ತೆಯ ಕೈ ಈಗ ನಿಲ್ಲುವುದಿಲ್ಲ. ನಗೆಯ ಸದ್ದು ಬಂದಾಗ ತಲೆ ಎತ್ತದೆಯೇ ನಾರು ಸೀಳುತ್ತಾರೆ. ಒಮ್ಮೆ ಮಾತ್ರ, "ಅಷ್ಟು ನಗುವಂಥದ್ದು ಎಂತ ಉಂಟು ಮಗಾ ಅದರಲ್ಲಿ?" ಎಂದು ಕೇಳಿದರು. ಆ ದೃಶ್ಯದಲ್ಲಿ ನಗುವಂಥದ್ದು ನಿಜವಾಗಿಯೂ ಇತ್ತು. ನಕ್ಕಾಗಿದೆ ಎಂದು ಟಿ.ವಿ.ಯೇ ಹೇಳಿದ ಮೇಲೆ ಅದನ್ನು ಹುಡುಕುವ ಕೆಲಸ ಅವರಿಗೆ ಉಳಿದಿರಲಿಲ್ಲ.

ಈ ಪದ್ಧತಿ ಹಳೆಯದು. ಅಮೆರಿಕದಲ್ಲಿ 1950ರ ದಶಕದಲ್ಲಿ ಚಾರ್ಲ್ಸ್ ಡಗ್ಲಾಸ್ ಎಂಬ ಧ್ವನಿ ಎಂಜಿನಿಯರ್ ಬಗೆಬಗೆಯ ನಗೆಗಳನ್ನು ಟೇಪಿನಲ್ಲಿ ತುಂಬಿ, ಕೀಲಿಗಳನ್ನು ಒತ್ತಿದರೆ ಬೇಕಾದ ನಗೆ ಹೊರಡುವ ಯಂತ್ರವೊಂದನ್ನು ಕಟ್ಟಿದರು. ಪ್ರೇಕ್ಷಕರ ಎದುರು ಚಿತ್ರೀಕರಿಸಿದ ಕಾರ್ಯಕ್ರಮಗಳಲ್ಲಿ ಜನ ನಗಬೇಕಾದಲ್ಲಿ ನಗದಿದ್ದರೆ ತುಂಬಿಸುವುದಕ್ಕೆ, ಅತಿಯಾಗಿ ನಕ್ಕಿದ್ದರೆ ತಗ್ಗಿಸುವುದಕ್ಕೆ ಅದು ಬಳಕೆಯಾಯಿತು. ಅಂತಹ ಕಾರ್ಯಕ್ರಮಗಳ ಮಾತುಗಳನ್ನು ನಗೆಗೆ ಎಡೆಯಿಟ್ಟೇ ಬರೆಯುತ್ತಾರೆ, ಆದ್ದರಿಂದ ಅಲ್ಲಿ ಅದು ಹೊಂದಿಕೊಳ್ಳುತ್ತದೆ. ಮೌನವನ್ನೇ ನಂಬಿ ಬರೆದ ಧಾರಾವಾಹಿಯ ಮೇಲೆ ತಂದು ಹೇರಿದರೆ ಅದು ನಟರ ಕೆಲಸವನ್ನು ಅಳಿಸಿಹಾಕುತ್ತದೆ. ನಾಯಕಿಯ ಪಾತ್ರ ಮಾಡುವವರು ನೂಲು ಹುಡುಕುವ ಕೈಯಲ್ಲೇ ನಟಿಸುವಂಥವರು. ಈಗ ಅವರ ಕೈ ಚಲಿಸುವ ಮೊದಲೇ ನಗೆ ಬಂದಿರುತ್ತದೆ.

ಯಾಕೆ ಹೀಗೆ ಮಾಡಿದರೆಂದು ಊಹಿಸಬಹುದಷ್ಟೆ. ವೀಕ್ಷಕರ ಪ್ರಮಾಣದ ಅಂಕಿಗಳನ್ನು ಬಾರ್ಕ್ ಸಂಸ್ಥೆ ಪ್ರತಿ ಗುರುವಾರ ಪ್ರಕಟಿಸುತ್ತದೆ, ಧಾರಾವಾಹಿಗಳ ಹಣೆಬರಹ ಅದರ ಮೇಲೆ ನಿಂತಿದೆ. ಮೌನ ಬಂದಾಗ ಜನ ಚಾನೆಲ್ ಬದಲಿಸುತ್ತಾರೆಂಬ ಭಯ ಯಾರಿಗಾದರೂ ಹುಟ್ಟಿರಬಹುದು. ಜಾಹೀರಾತಿನ ಬಗ್ಗೆ ನನ್ನ ತಕರಾರು ದೊಡ್ಡದೇನಲ್ಲ. ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಇರಬಾರದೆಂಬ ನಿಯಮವಿದೆ, ನನಗೆ ಅನ್ನದ ಕಡೆ ನೋಡುವುದಕ್ಕೂ ಆ ಹೊತ್ತು ಬೇಕು. ಆಷಾಢದ ಜಡಿಮಳೆಗೆ ಡಿಶ್ಶಿನ ಸಿಗ್ನಲ್ ಹೋಗಿ ಎಷ್ಟೋ ಸಂಚಿಕೆಗಳ ಕೊನೆಯ ಭಾಗ ತಪ್ಪಿದೆ, ವರ್ಷಕ್ಕೆ 4,000 ಮಿಲಿಮೀಟರಿನಷ್ಟು ಮಳೆ ಬೀಳುವ ಊರಿನಲ್ಲಿ ಅದಕ್ಕೆ ವಾಹಿನಿಯನ್ನು ದೂರಿ ಫಲವಿಲ್ಲ. ಆದರೆ ಬೇಕಾದ ವಾಹಿನಿಗಳಿಗೆ ಮಾತ್ರ ಹಣ ಕೊಡುವ ವ್ಯವಸ್ಥೆ 2019ರಲ್ಲಿ ಬಂದಂದಿನಿಂದ ನಾವು ಲೆಕ್ಕ ಹಾಕಿಯೇ ವಾಹಿನಿಗಳನ್ನು ಆರಿಸುತ್ತ ಬಂದವರು. ಈ ಒಂದು ಧಾರಾವಾಹಿಗಾಗಿ ಈ ವಾಹಿನಿಯನ್ನು ಹೊಸದಾಗಿ ಸೇರಿಸಿದ್ದೇವೆ, ಮಳೆಗೆ ತಪ್ಪಿದ ಭಾಗಗಳಿಗಾಗಿ ಮೊಬೈಲಿನ ಆ್ಯಪಿಗೂ ಬೇರೆ ಹಣ ಕೊಡುತ್ತಿದ್ದೇವೆ. ಕೇಳುವ ಹಕ್ಕು ಅಷ್ಟರ ಮಟ್ಟಿಗೆ ನಮಗಿದೆ ಎಂದುಕೊಂಡಿದ್ದೇನೆ.

ಎಲ್ಲರ ಅಭಿಪ್ರಾಯವೂ ನನ್ನದೇ ಅಲ್ಲ. ಕಚೇರಿಯಲ್ಲಿ ನನ್ನ ಜೊತೆ ಊಟಕ್ಕೆ ಕೂರುವವರಲ್ಲಿ ಕೆಲವರಿಗೆ ನಗೆ ಸೇರಿಸಿದ್ದೇ ಗಮನಕ್ಕೆ ಬಂದಿಲ್ಲ, ಮದುವೆ ಯಾವಾಗ ಎಂಬುದಷ್ಟೇ ಅವರ ಕಾತರ. ಮಣಿಪಾಲದಲ್ಲಿ ಓದುವ ನನ್ನ ತಂಗಿಯ ಮಗಳು ನನಗಿಂತಲೂ ಕಟುವಾಗಿ ಮಾತಾಡಿ ನೋಡುವುದನ್ನೇ ಬಿಟ್ಟಿದ್ದಾಳೆ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಪಕ್ಕದ ಮನೆಯ ಹಿರಿಯರ ಮಾತು. ಅವರ ಮಕ್ಕಳಿಬ್ಬರೂ ದುಬೈಯಲ್ಲಿದ್ದಾರೆ, ಅಷ್ಟು ದೊಡ್ಡ ಮನೆಯಲ್ಲಿ ಅವರೊಬ್ಬರೇ, ಕಿವಿಯೂ ಮಂದ. "ನಿಮಗೆ ಜೊತೆಯಲ್ಲಿ ನಗುವವರು ಉಂಟಲ್ಲ, ನನಗೆ ಆ ಸದ್ದು ಬಂದರೆ ಮನೆಯಲ್ಲಿ ಜನ ಉಂಟು ಅಂತ ಆಗ್ತದೆ" ಎಂದರು. ಅದಕ್ಕೆ ಎದುರಾಡಲು ನನ್ನ ಬಳಿ ಏನೂ ಇರಲಿಲ್ಲ. ಆ ನಗೆ ಯಾರಿಗೂ ಬೇಡವೆಂದು ಅಲ್ಲಿಯವರೆಗೆ ಹೇಳುತ್ತಿದ್ದವಳು ಈಗ ಹಾಗೆ ಹೇಳುವುದಿಲ್ಲ. ಮಾತು ಅರ್ಥವಾಗದೆ ಹೋದಲ್ಲಿ, ಇದು ತಮಾಷೆಯ ಜಾಗ ಎಂದು ಆ ಸದ್ದಿನಿಂದ ಅವರಿಗೆ ತಿಳಿಯುತ್ತದೆ. ಮಾತುಗಳನ್ನು ಕನ್ನಡದಲ್ಲೇ ಪರದೆಯ ಕೆಳಗೆ ಬರೆದು ತೋರಿಸಿದ್ದರೆ ಅವರಿಗೆ ಇದಕ್ಕಿಂತ ಹೆಚ್ಚಿನ ಉಪಕಾರವಾಗುತ್ತಿತ್ತೆಂಬುದೂ ನಿಜ.

ವಾಹಿನಿಗೆ ನಾನು ಬರೆದ ಪತ್ರದಲ್ಲಿ ಕೇಳಿರುವುದು ಇಷ್ಟೇ. ಕ್ರಿಕೆಟ್ ಪಂದ್ಯ ನೋಡುವಾಗ ವೀಕ್ಷಕ ವಿವರಣೆ ಯಾವ ಭಾಷೆಯಲ್ಲಿ ಬೇಕೆಂದು ಆರಿಸಿಕೊಳ್ಳುವ ಅವಕಾಶವಿದೆ. ಹಾಗೆಯೇ ಆ್ಯಪಿನಲ್ಲಾದರೂ ನಗೆಯಿರುವ ಧ್ವನಿ, ನಗೆಯಿಲ್ಲದ ಧ್ವನಿ ಎರಡನ್ನೂ ಇಟ್ಟರೆ ಪಕ್ಕದ ಮನೆಯವರಿಗೂ ನಮಗೂ ಅವರವರಿಗೆ ಬೇಕಾದದ್ದು ಸಿಗುತ್ತದೆ. ಇನ್ನೂ ಉತ್ತರ ಬಂದಿಲ್ಲ. ಈ ತಿಂಗಳ ಕೆಲವು ಸಂಚಿಕೆಗಳಲ್ಲಿ ನಗೆಯ ಸದ್ದು ಸ್ವಲ್ಪ ತಗ್ಗಿರುವಂತೆ ನನಗೆ ಕೇಳಿಸಿದೆ, ಅತ್ತೆ ಒಪ್ಪುವುದಿಲ್ಲ.

ಹೊಸದಾಗಿ ನೋಡಲು ಹೊರಟವರಿಗೆ ನಾನು ಹೇಳುವುದು, ಆ್ಯಪಿನಲ್ಲಿ ಮೊದಲಿನಿಂದ ಆರಂಭಿಸಿ ನವರಾತ್ರಿಗಿಂತ ಹಿಂದಿನ ಸಂಚಿಕೆಗಳನ್ನು ತಪ್ಪದೆ ನೋಡಿ. ಅಷ್ಟಕ್ಕೆ ಒಂದು ತಿಂಗಳ ಚಂದಾ ಕೊಟ್ಟರೂ ನಷ್ಟವಿಲ್ಲ. ಅಲ್ಲಿಂದ ಮುಂದಿನದ್ದನ್ನು ಕಥೆ ಏನಾಯಿತೆಂದು ತಿಳಿಯುವ ಆಸೆಯಿದ್ದರೆ ಮಾತ್ರ ನೋಡಿ. ನಾವು ಆ್ಯಪಿನ ಚಂದಾವನ್ನು ನವೀಕರಿಸುವುದಿಲ್ಲ. ಡಿಶ್ಶಿನಲ್ಲಿ ಈ ವಾಹಿನಿಯನ್ನು ಶಿವರಾತ್ರಿಯವರೆಗೆ ಉಳಿಸಿಕೊಳ್ಳುವುದೆಂದು ಮನೆಯಲ್ಲಿ ಮಾತಾಗಿದೆ.